ಒಂದು ಓಟು, ಒಂದು ನೋಟು: ಶಾಂತವೇರಿ ಗೋಪಾಲಗೌಡರ ಚುನಾವಣಾ ಲೆಕ್ಕ ನಮಗೆ ಯಾಕೆ ಬೇಕು?

2023ರ ಮೇ 9ರ ರಾತ್ರಿ ನಾನು ಐ.ಡಿ.ಹಳ್ಳಿಯ ನಮ್ಮ ಮನೆಯಲ್ಲಿದ್ದೆ. ಮಾರನೇ ದಿನ ಮತದಾನ. ಓಟು ಹಾಕೋಕೆ ಅಂತಲೇ ಬೆಂಗಳೂರಿಂದ ಬಸ್ಸು ಹತ್ತಿ ಬಂದಿದ್ದೆ. ಊಟ ಮುಗಿಸಿ ಕೂತಿರುವಾಗ ಬಾಗಿಲು ತಟ್ಟಿದ ಸದ್ದು. ಬಂದವರು ಗೊತ್ತಿರುವ ಹುಡುಗರೇ. ನಮ್ಮ ಮನೆಯಲ್ಲಿ ಎಷ್ಟು ಓಟು, ಯಾರು ಬೆಂಗಳೂರಲ್ಲಿದ್ದಾರೆ, ಯಾರು ಬಂದಿದ್ದಾರೆ ಅನ್ನೋದೆಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಪಟ್ಟಿ ನೋಡಿಕೊಂಡು, ಓಟಿಗೆ ಐನೂರರಂತೆ ಮೂರು ನೋಟು ಕವರಿಗೆ ಹಾಕಿ ಅಮ್ಮನ ಕೈಗಿಟ್ಟು ಹೋದರು. ಯಾವ ಪಕ್ಷ ಅಂತ ಹೇಳೋದಿಲ್ಲ. ಒಂದು ಗಂಟೆ ಬಿಟ್ಟು ಇನ್ನೊಂದು ಪಕ್ಷದವರೂ ಬಂದರು. ಅಮ್ಮ ಎರಡೂ ಕವರನ್ನು ಬೇಳೆ ಡಬ್ಬಿಯೊಳಗೆ ಇಟ್ಟಳು.

ಯಾಕೆ ತಗೊಂಡೆ ಅಂತ ನಾನು ಜಗಳಕ್ಕೆ ಬಿದ್ದೆ. ಬೇಡ ಅಂದರೆ ನಾವು ಇನ್ನೊಂದು ಪಾರ್ಟಿಯವರು ಅಂತ ಬೀದಿಗೆಲ್ಲ ಗೊತ್ತಾಗುತ್ತೆ, ನಾಳೆ ನೀನು ಬೆಂಗಳೂರಿಗೆ ಹೋಗ್ತೀಯ, ಇಲ್ಲಿ ಇರಬೇಕಾದವಳು ನಾನು ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾನು ಓದಿದ್ದು ಇಂಜಿನಿಯರಿಂಗ್. ಉತ್ತರ ಸಿಗದಿದ್ದಾಗ ಎಕ್ಸೆಲ್ ಶೀಟ್ ತೆರೆಯೋದು ಹಳೇ ಚಟ. ಚುನಾವಣೆ ಮುಗಿದ ಮೇಲೆ ಒಂದು ಶೀಟ್ ಮಾಡಿದೆ. ಸಾಲಿಗೊಬ್ಬ ಶಾಸಕ. ಎರಡೇ ಕಾಲಂ. ಒಂದು, ಚುನಾವಣೆಗೆ ದುಡ್ಡು ಎಲ್ಲಿಂದ ಬಂತು. ಎರಡು, ಸದನದಲ್ಲಿ ಯಾವ ಮಸೂದೆಗೆ ಏನಂತ ಮತ ಹಾಕಿದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ನಮ್ಮ ರಾಜಕಾರಣ ಅರ್ಥ ಆಗುತ್ತೆ ಅನ್ನೋದು ನನ್ನ ಲೆಕ್ಕಾಚಾರ. ಒಂದು ವಾರ ಕೂತೆ. ಎರಡೂ ಕಾಲಂ ಖಾಲಿಯೇ ಉಳಿದವು.

ಖಾಲಿ ಕಾಲಂಗಳ ಕತೆ

ಎರಡನೇ ಕಾಲಂ ಯಾಕೆ ಖಾಲಿ ಅಂತ ಮೊದಲು ಹೇಳ್ತೀನಿ. ವಿಧಾನಸಭೆಯಲ್ಲಿ ಸಾಮಾನ್ಯವಾಗಿ ಮಸೂದೆಗಳು ಪಾಸಾಗೋದು ಧ್ವನಿಮತದಲ್ಲಿ. ಪರ ಇರುವವರು ಹೌದು ಅನ್ನಬೇಕು, ವಿರೋಧ ಇರುವವರು ಇಲ್ಲ ಅನ್ನಬೇಕು. ಯಾವ ಕಡೆ ಸದ್ದು ಹೆಚ್ಚು ಅಂತ ಸ್ಪೀಕರ್ ಹೇಳುತ್ತಾರೋ ಆ ಕಡೆ ಗೆದ್ದಂತೆ. ಯಾರಾದರೂ ಪಟ್ಟು ಹಿಡಿದು ಮತ ವಿಭಜನೆ ಕೇಳಿದರೆ ಮಾತ್ರ ತಲೆ ಎಣಿಕೆ. ಹಾಗಾಗಿ ನಿಮ್ಮ ಶಾಸಕರು ಒಂದು ಕಾನೂನಿಗೆ ಹೌದು ಅಂದರೋ, ಇಲ್ಲ ಅಂದರೋ, ಆ ಹೊತ್ತಲ್ಲಿ ಕ್ಯಾಂಟೀನಲ್ಲಿ ಇದ್ದರೋ ಅನ್ನೋದಕ್ಕೆ ದಾಖಲೆ ಸಿಗೋದು ಅಪರೂಪ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲಂತೂ ವಿಪ್ ಮೀರಿ ಮತ ಹಾಕಿದರೆ ಶಾಸಕ ಸ್ಥಾನಕ್ಕೇ ಕುತ್ತು. ಮತ ಶಾಸಕರದಾದರೂ ನಿರ್ಧಾರ ಪಕ್ಷದ್ದು.

ಮೊದಲ ಕಾಲಂ ಇನ್ನೂ ಮಜವಾಗಿದೆ. ನಮ್ಮ ರಾಜ್ಯದಲ್ಲಿ ವಿಧಾನಸಭಾ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ ರೂಪಾಯಿ. 2023ರಲ್ಲಿ ರಾಜ್ಯದ ಮತದಾರರು ಸುಮಾರು 5.3 ಕೋಟಿ, ಕ್ಷೇತ್ರಗಳು 224. ಅಂದರೆ ಕ್ಷೇತ್ರಕ್ಕೆ ಸರಾಸರಿ 2.37 ಲಕ್ಷ ಮತದಾರರು. ಭಾಗಿಸಿ ನೋಡಿ. ಬ್ಯಾನರು, ಕಾರು, ಡೀಸೆಲ್ಲು, ಊಟ ಎಲ್ಲ ಸೇರಿ ಒಬ್ಬ ಮತದಾರನಿಗೆ ಕಾನೂನು ಒಪ್ಪುವ ಖರ್ಚು ಹತ್ತಿರ ಹತ್ತಿರ 17 ರೂಪಾಯಿ. ನಮ್ಮ ಬೇಳೆ ಡಬ್ಬಿಗೆ ಬಂದಿದ್ದು ಓಟಿಗೆ ಐನೂರು, ಅದೂ ಎರಡೆರಡು ಸಲ. ಕ್ಷೇತ್ರದ ಅರ್ಧ ಜನಕ್ಕೆ ಐನೂರು ಹಂಚಿದರೆ ಆರು ಕೋಟಿ ಹತ್ತಿರ ಆಗುತ್ತೆ. ಆಯೋಗಕ್ಕೆ ಕೊಡುವ ಲೆಕ್ಕಪತ್ರದಲ್ಲಿ ಇದಕ್ಕೆ ಜಾಗವೇ ಇಲ್ಲ. ಮೇಲಾಗಿ ಮಿತಿ ಇರೋದು ಅಭ್ಯರ್ಥಿಗೆ ಮಾತ್ರ, ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಪಕ್ಷಕ್ಕೆ ದುಡ್ಡು ಎಲ್ಲಿಂದ ಬರುತ್ತೆ ಅಂತ ಕೇಳೋಣ ಅಂದರೆ, 2018ರಿಂದ ಚುನಾವಣಾ ಬಾಂಡ್ ಅನ್ನೋ ಮುಚ್ಚಿದ ಬಾಗಿಲಿತ್ತು. ಸುಪ್ರೀಂ ಕೋರ್ಟ್ ಅದನ್ನು 2024ರ ಫೆಬ್ರವರಿ 15ರಂದು ರದ್ದು ಮಾಡಿತು.

ಶೀಟ್ ಮುಚ್ಚಿಡೋಣ ಅಂದುಕೊಂಡಿದ್ದೆ. ಆಗ ನೆನಪಾಗಿದ್ದು ದಿನಾ ಆಫೀಸಿಗೆ ಹೋಗುವಾಗ ನಾನು ನಿಲ್ಲುವ ಸಿಗ್ನಲ್. ವಿಧಾನಸೌಧದ ಉತ್ತರದ ತುದಿಯಲ್ಲಿ, ರಾಜಭವನದ ರಸ್ತೆ ಬಂದು ಸೇರುವ ಕಡೆ. ಟ್ರಾಫಿಕ್ ಅಪ್ಡೇಟಿನಲ್ಲಿ ಮಾತ್ರ ನಮಗೆ ಕೇಳಿಸುವ ಹೆಸರು, ಗೋಪಾಲಗೌಡ ಸರ್ಕಲ್. ಆ ಮನುಷ್ಯ ಸತ್ತು 50 ವರ್ಷ ದಾಟಿದೆ. ನನ್ನ ಶೀಟಿನ ಎರಡೂ ಕಾಲಂ ತುಂಬಿಸೋಕೆ ಆಗಿದ್ದು ಅವರೊಬ್ಬರದ್ದೇ.

ಕಾಗೋಡಿನ ಕೊಳಗ

ಶಾಂತವೇರಿ ಅನ್ನೋದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಸಣ್ಣ ಊರು. ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು. ಉಳ್ಳವರ ಮನೆಯೇನಲ್ಲ. 1942ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಕ್ವಿಟ್ ಇಂಡಿಯಾ ಚಳವಳಿಗೆ ಇಳಿದು ಜೈಲಿಗೆ ಹೋದರು. ಹೊರಗೆ ಬಂದ ಮೇಲೆ ಕಾಂಗ್ರೆಸ್ಸಿನ ದಾರಿ ಹಿಡಿಯದೆ ಜಯಪ್ರಕಾಶ್, ಲೋಹಿಯಾ ಇದ್ದ ಸಮಾಜವಾದಿ ಪಕ್ಷದ ಕಡೆ ಹೊರಳಿದರು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಅಧಿಕಾರದ ಹತ್ತಿರ ಹೋಗಬೇಕು ಅನ್ನುವ ಯುವಕ ಮಾಡುವ ಆಯ್ಕೆ ಅಲ್ಲ ಇದು.

ಅವರನ್ನು ರಾಜ್ಯಕ್ಕೆ ಪರಿಚಯಿಸಿದ್ದು ಸಾಗರ ತಾಲ್ಲೂಕಿನ ಕಾಗೋಡು. ಅಲ್ಲಿ ಗೇಣಿ ಮಾಡುತ್ತಿದ್ದವರು ಹೆಚ್ಚಾಗಿ ದೀವರು. ಬೆಳೆದ ಭತ್ತದಲ್ಲಿ ಒಡೆಯರಿಗೆ ಗೇಣಿ ಅಳೆಯಬೇಕು. ಅಳೆಯುವ ಕೊಳಗ ಒಡೆಯರದ್ದೇ, ಅದರ ಅಳತೆ ಇರಬೇಕಾದ್ದಕ್ಕಿಂತ ದೊಡ್ಡದು. ಪ್ರತಿ ಕೊಳಗಕ್ಕೂ ಒಂದಿಷ್ಟು ಭತ್ತ ಹೆಚ್ಚಿಗೆ ಹೋಗುತ್ತಿತ್ತು. ಪ್ರಶ್ನೆ ಮಾಡಿದವರ ಕೈಯಿಂದ ಗದ್ದೆ ತಪ್ಪಿತು. ಇಲ್ಲೊಂದು ಮಾತು ಸ್ಪಷ್ಟವಾಗಿ ಹೇಳಬೇಕು. ಈ ಗೇಣಿದಾರರನ್ನು ಮೊದಲು ಸಂಘಟಿಸಿದವರು ಮೇಷ್ಟರಾಗಿದ್ದ ಎಚ್. ಗಣಪತಿಯಪ್ಪ. ರೈತ ಸಂಘ ಕಟ್ಟಿ, ಮನೆ ಮನೆ ತಿರುಗಿ, ಒಡೆಯರ ಎದುರು ತಲೆ ಎತ್ತಿ ನಿಲ್ಲೋದನ್ನು ಕಲಿಸಿದವರು ಅವರು. ಕಾಗೋಡು ಅಂದ ಕೂಡಲೇ ಗೋಪಾಲಗೌಡರ ಹೆಸರೊಂದನ್ನೇ ಹೇಳೋದು ಗಣಪತಿಯಪ್ಪನವರಿಗೆ ಮಾಡುವ ಅನ್ಯಾಯ.

1951ರ ಏಪ್ರಿಲಿನಲ್ಲಿ ಸತ್ಯಾಗ್ರಹ ಶುರುವಾಯ್ತು. ಕಿತ್ತುಕೊಂಡ ಗದ್ದೆಗೆ ರೈತರು ನೇಗಿಲು ಹೊತ್ತು ಇಳಿಯೋದು, ಪೊಲೀಸರು ಹಿಡಿದು ಒಯ್ಯೋದು, ಮಾರನೇ ದಿನ ಇನ್ನೊಂದು ತಂಡ ಇಳಿಯೋದು. ಗೋಪಾಲಗೌಡರು ಮತ್ತು ಅವರ ಸಂಗಾತಿಗಳು ಇದನ್ನು ಊರಿನ ಜಗಳವಾಗಿ ಉಳಿಯಲು ಬಿಡಲಿಲ್ಲ. ಪಕ್ಷವನ್ನು ಇದರ ಹಿಂದೆ ನಿಲ್ಲಿಸಿದರು, ತಾವೂ ಬಂಧನಕ್ಕೆ ಒಳಗಾದರು. ಸ್ವತಃ ಲೋಹಿಯಾ ಬಂದು ಬಂಧನಕ್ಕೊಳಗಾದಾಗ ಕಾಗೋಡಿನ ಸುದ್ದಿ ದೇಶಕ್ಕೆ ಗೊತ್ತಾಯ್ತು. ಆದರೆ ಹೋರಾಟ ಮುಗಿಯುವ ಹೊತ್ತಿಗೆ ರೈತರ ಕೈಗೆ ಭೂಮಿ ಬಂದಿರಲಿಲ್ಲ.

ಒಂದು ರೂಪಾಯಿಯ ಬೆಲೆ

ಮರುವರ್ಷವೇ ಮೊದಲ ಮಹಾಚುನಾವಣೆ. ಸಾಗರ-ಹೊಸನಗರ ಕ್ಷೇತ್ರಕ್ಕೆ ಗೋಪಾಲಗೌಡರು ಸಮಾಜವಾದಿ ಅಭ್ಯರ್ಥಿ. ಎದುರಿಗೆ ಇದ್ದದ್ದು ಕಾಂಗ್ರೆಸ್ಸಿನ ಎ.ಆರ್. ಬದರಿನಾರಾಯಣ, ಭೂಮಿ ಮತ್ತು ಹೆಸರು ಎರಡೂ ಇದ್ದ ದೊಡ್ಡ ಕುಳ. ಗೌಡರ ಹತ್ತಿರ ಕಾರಿಲ್ಲ, ದುಡ್ಡಿಲ್ಲ. ಆಗ ಅವರು ಜನರ ಮುಂದೆ ಇಟ್ಟದ್ದು ಒಂದು ಓಟು, ಒಂದು ನೋಟು ಅನ್ನುವ ಬೇಡಿಕೆ. ಓಟನ್ನೂ ಕೊಡಿ, ಜೊತೆಗೆ ಒಂದು ರೂಪಾಯಿ ನೋಟನ್ನೂ ಕೊಡಿ.

ಇದನ್ನು ನಾವು ಈಗ ಒಳ್ಳೇ ಘೋಷಣೆ ಅಂತ ಓದಿ ಮುಂದೆ ಹೋಗ್ತೀವಿ. ಆ ಒಂದು ರೂಪಾಯಿಯ ಬೆಲೆ ಎಷ್ಟು ಅಂತ ಯಾರೂ ಲೆಕ್ಕ ಹಾಕೋಲ್ಲ. 1950-51ರಲ್ಲಿ ಕೇಂದ್ರ ಸರ್ಕಾರ ಕೃಷಿ ಕಾರ್ಮಿಕರ ಸಮೀಕ್ಷೆ ಮಾಡಿಸಿತ್ತು. ಗಂಡಾಳಿನ ದೇಶದ ಸರಾಸರಿ ದಿನಗೂಲಿ ಇವತ್ತಿನ ಲೆಕ್ಕದಲ್ಲಿ 1 ರೂಪಾಯಿ 9 ಪೈಸೆ. ಅಂದರೆ ಗೋಪಾಲಗೌಡರು ಕೇಳಿದ್ದು ಚಿಲ್ಲರೆ ಕಾಸನ್ನಲ್ಲ, ಒಂದು ದಿನದ ದುಡಿಮೆಯನ್ನು. ಗೇಣಿ ಅಳೆದು ಕೈ ಖಾಲಿಯಾದ ಮನೆಗಳಿಂದ ಆ ನೋಟು ಬಂತು.

ಆಗಿನ ಮತದಾನವೂ ಬೇರೆ ಥರ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಮೇಲೆ ಚಿಹ್ನೆ ಅಂಟಿಸಿರುತ್ತಿದ್ದರು. ಓದು ಬರಹ ಬಾರದವರು ಚಿಹ್ನೆ ನೋಡಿ ತಮಗೆ ಬೇಕಾದವರ ಪೆಟ್ಟಿಗೆಗೆ ಚೀಟಿ ಹಾಕಬೇಕು. ಸಮಾಜವಾದಿಗಳ ಚಿಹ್ನೆ ಆಲದ ಮರ. ಎಣಿಕೆ ಮುಗಿದಾಗ ಗೋಪಾಲಗೌಡರು ಗೆದ್ದಿದ್ದರು. ಆಗ ಅವರಿಗೆ 29ರ ಆಸುಪಾಸು. ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟೋ ಜನರ ವಯಸ್ಸು.

ನನ್ನ ಶೀಟಿನ ಮೊದಲ ಕಾಲಂ ಇಲ್ಲಿಗೆ ತುಂಬಿತು. ದುಡ್ಡು ಬಂದದ್ದು ಓಟು ಹಾಕಿದವರಿಂದಲೇ. ಗೆದ್ದ ಮೇಲೆ ಋಣ ತೀರಿಸಬೇಕಾದ ಗುತ್ತಿಗೆದಾರ, ಸಾಹುಕಾರ, ಎಸ್ಟೇಟ್ ಮಾಲೀಕ ಯಾರೂ ಇರಲಿಲ್ಲ.

ಸೋಲುವ ಮತದ ದಾಖಲೆ

ಇನ್ನು ಎರಡನೇ ಕಾಲಂ. ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 74. ಸಮಾಜವಾದಿಗಳು ಬೆರಳೆಣಿಕೆಯಷ್ಟು. ವಿಧಾನಸೌಧ ಇನ್ನೂ ಎದ್ದಿರಲಿಲ್ಲ, ಈಗ ಹೈಕೋರ್ಟ್ ಇರುವ ಅಠಾರ ಕಚೇರಿಯಲ್ಲಿ ಸಭೆ ಸೇರುತ್ತಿತ್ತು. ಇಂಥ ಸದನದಲ್ಲಿ ಗೋಪಾಲಗೌಡರು ಯಾವ ಕಡೆ ಮತ ಹಾಕಿದರೂ ಫಲಿತಾಂಶ ಬದಲಾಗುತ್ತಿರಲಿಲ್ಲ. ಹಾಗಾದರೆ ಅವರ ಮತದ ದಾಖಲೆಗೆ ಏನು ಬೆಲೆ?

ಇಲ್ಲಿ ನನ್ನ ಶೀಟಿನ ತಪ್ಪು ನನಗೇ ಗೊತ್ತಾಯ್ತು. ಧ್ವನಿಮತದ ಸದನದಲ್ಲಿ ಶಾಸಕನ ದಾಖಲೆ ಇರೋದು ಎಣಿಕೆಯಲ್ಲಲ್ಲ. ಏನು ಎತ್ತಿ ಮಾತಾಡಿದ, ಏನನ್ನು ಪ್ರತಿ ಅಧಿವೇಶನದಲ್ಲೂ ಬಿಡದೆ ಕೇಳಿದ ಅನ್ನೋದರಲ್ಲಿ. ನಡಾವಳಿ ಅಚ್ಚಾಗುತ್ತದೆ, ಉಳಿಯುತ್ತದೆ. ಆ ಲೆಕ್ಕದಲ್ಲಿ ನೋಡಿದರೆ ಗೋಪಾಲಗೌಡರದ್ದು ಮೂರ್ನಾಲ್ಕು ವಿಷಯಕ್ಕೆ ಅಂಟಿಕೊಂಡ ದಾಖಲೆ. ಉಳುವವನಿಗೆ ಭೂಮಿ. ಆಡಳಿತ ಕನ್ನಡದಲ್ಲಿ. ಕನ್ನಡ ಮಾತಾಡುವ ಪ್ರದೇಶಗಳೆಲ್ಲ ಒಂದು ರಾಜ್ಯ. ಆ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು.

ಏಕೀಕರಣದ ವಿಷಯ ಇವತ್ತು ಸಲೀಸು ಅನಿಸುತ್ತೆ. ಆಗ ಹಾಗಿರಲಿಲ್ಲ. ಉತ್ತರದ ಜಿಲ್ಲೆಗಳು ಸೇರಿದರೆ ಜಾತಿ ಲೆಕ್ಕ ತಲೆಕೆಳಗಾಗುತ್ತೆ, ನಮ್ಮ ಹಿಡಿತ ಹೋಗುತ್ತೆ ಅನ್ನೋ ಭಯ ಹಳೇ ಮೈಸೂರಿನ ಒಕ್ಕಲಿಗ ಮುಖಂಡರಲ್ಲಿ ಅನೇಕರಿಗಿತ್ತು. ಗೋಪಾಲಗೌಡರೂ ಅದೇ ಸಮುದಾಯದವರು. ಅವರು ಏಕೀಕರಣದ ಪರ ನಿಂತರು. ಅವರಿಗೆ ನೋಟು ಕೊಟ್ಟ ಕಾಗೋಡಿನ ದೀವರಿಗೂ ಅವರ ಜಾತಿಗೂ ಸಂಬಂಧ ಇರಲಿಲ್ಲ ಅನ್ನೋದನ್ನೂ ಇದರ ಪಕ್ಕದಲ್ಲೇ ಇಟ್ಟು ನೋಡಬೇಕು.

1957ರಲ್ಲಿ ಅವರು ಸೋತರು. ಜನರ ದುಡ್ಡಲ್ಲಿ ನಿಂತವರು ಯಾವಾಗಲೂ ಗೆಲ್ತಾರೆ ಅಂತ ನಾನು ಹೇಳಿದರೆ ಅದು ಸುಳ್ಳಾಗುತ್ತೆ. ಆ ಸೋಲಿಗೆ ಬೆಲೆಯೂ ಇತ್ತು. 1961ರ ಭೂಸುಧಾರಣಾ ಕಾಯ್ದೆ ಸದನದಲ್ಲಿ ಚರ್ಚೆಯಾಗಿ ಪಾಸಾದಾಗ ಗೇಣಿದಾರರ ಪರವಾಗಿ ಗಟ್ಟಿ ದನಿಯಲ್ಲಿ ಮಾತಾಡಬಲ್ಲ ಈ ಮನುಷ್ಯ ಒಳಗಿರಲಿಲ್ಲ. ಆ ಕಾಯ್ದೆ ಸ್ವಂತ ಸಾಗುವಳಿಯ ಹೆಸರಲ್ಲಿ ಭೂಮಾಲೀಕರಿಗೆ ಜಮೀನು ವಾಪಸ್ ಪಡೆಯುವ ದಾರಿ ಬಿಟ್ಟಿತು. ಜಾರಿಗೆ ಬರೋಕೇ 1965ರ ಅಕ್ಟೋಬರ್ ಆಯ್ತು.

1962ರಲ್ಲಿ ಮತ್ತು 1967ರಲ್ಲಿ ತೀರ್ಥಹಳ್ಳಿ ಅವರನ್ನು ಮತ್ತೆ ಸದನಕ್ಕೆ ಕಳಿಸಿತು. 1967 ಅಂದರೆ ಪಕ್ಷಾಂತರದ ಪರ್ವ. ಹರಿಯಾಣದಲ್ಲಿ ಗಯಾ ಲಾಲ್ ಅನ್ನೋ ಶಾಸಕ ಎರಡು ವಾರದಲ್ಲಿ ಮೂರು ಸಲ ಪಕ್ಷ ಬದಲಿಸಿದ ವರ್ಷ. ತಡೆಯುವ ಕಾನೂನು ಯಾವುದೂ ಇರಲಿಲ್ಲ. ಅಶೋಕ ಮೆಹ್ತಾರಂಥ ಸಮಾಜವಾದಿ ನಾಯಕರೇ ಅಷ್ಟೊತ್ತಿಗೆ ಕಾಂಗ್ರೆಸ್ ಸೇರಿಯಾಗಿತ್ತು. ಗೋಪಾಲಗೌಡರು ವಿರೋಧ ಪಕ್ಷದ ಬೆಂಚಿನಿಂದ ಏಳಲಿಲ್ಲ. ಅವರ ನೆರಳಲ್ಲಿ ಬೆಳೆದ ಎಸ್. ಬಂಗಾರಪ್ಪ, ಜೆ.ಎಚ್. ಪಟೇಲ್ ಮುಂದೆ ಬೇರೆ ಬೇರೆ ಪಕ್ಷಗಳಿಂದ ಮುಖ್ಯಮಂತ್ರಿಗಳಾದರು. ಗುರು ಒಂದು ದಿನವೂ ಮಂತ್ರಿಯಾಗಲಿಲ್ಲ.

ಅವರನ್ನು ಸಂತ ಮಾಡುವ ಅಗತ್ಯ ಇಲ್ಲ. ಸಿಟ್ಟು ಬಂದರೆ ಸದನದಲ್ಲೂ ತಡೆದುಕೊಳ್ಳುತ್ತಿರಲಿಲ್ಲ. ದೇಹವನ್ನು ಕಾಪಾಡಿಕೊಳ್ಳಲಿಲ್ಲ. ಯು.ಆರ್. ಅನಂತಮೂರ್ತಿಯವರ ಅವಸ್ಥೆ ಕಾದಂಬರಿಯ ನಾಯಕನಿಗೆ ಗೋಪಾಲಗೌಡರ ಬದುಕೇ ಪ್ರೇರಣೆ. ಅದನ್ನು ಓದಿದವರಿಗೆ ಆ ಬದುಕಿನ ಒಡಕುಗಳೂ ಗೊತ್ತು. ಆದರೆ ಕಾದಂಬರಿಯ ನಾಯಕನೇ ಗೋಪಾಲಗೌಡ ಅಂದುಕೊಂಡುಬಿಟ್ಟರೆ ಸದನದ ಗೋಪಾಲಗೌಡ ಕಳೆದುಹೋಗ್ತಾನೆ.

1972ರ ಚುನಾವಣೆಗೆ ಅವರು ನಿಲ್ಲಲಿಲ್ಲ, ಆರೋಗ್ಯ ಕೆಟ್ಟಿತ್ತು. ಜೂನ್ 9ರಂದು ತೀರಿಕೊಂಡರು. ವಯಸ್ಸು 49. ಮೂರು ಸಲ ಶಾಸಕರಾದವರು ಹೇಳಿಕೊಳ್ಳುವಂಥ ಆಸ್ತಿ ಬಿಟ್ಟು ಹೋಗಲಿಲ್ಲ.

ಸತ್ತ ಮೇಲೆ ಗೆದ್ದ ಮಸೂದೆ, ಆಮೇಲೆ ಸೋತದ್ದು

ಅವರು ತೀರಿಕೊಳ್ಳುವುದಕ್ಕೆ ಮೂರು ತಿಂಗಳ ಹಿಂದಷ್ಟೇ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದರು. 1974ರ ಮಾರ್ಚ್ 1ರಿಂದ ಭೂಸುಧಾರಣಾ ಕಾಯ್ದೆಯ ದೊಡ್ಡ ತಿದ್ದುಪಡಿ ಜಾರಿಗೆ ಬಂತು. ಗೇಣಿ ಪದ್ಧತಿ ರದ್ದಾಯ್ತು. ಗೇಣಿದಾರರು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಟ್ಟರು, ಉಳುತ್ತಿದ್ದ ಗದ್ದೆಗೆ ಒಡೆಯರಾದರು. ಕಾಗೋಡಿನಲ್ಲಿ 1951ರಲ್ಲಿ ಕೇಳಿದ್ದು 23 ವರ್ಷ ಬಿಟ್ಟು ಕಾನೂನಾಯ್ತು. ಸದನದಲ್ಲಿ ಸೋಲುತ್ತಲೇ ಇದ್ದ ಮತ ಏನು ಮಾಡುತ್ತೆ ಅಂದರೆ ಇದನ್ನು ಮಾಡುತ್ತೆ. ಪ್ರಶ್ನೆಯನ್ನು ಸಾಯೋಕೆ ಬಿಡೋದಿಲ್ಲ.

ಈಗ 2020ಕ್ಕೆ ಬನ್ನಿ. ಕೋವಿಡ್ ನಡುವೆ ಅಂದಿನ ಬಿಜೆಪಿ ಸರ್ಕಾರ ಮೊದಲು ಸುಗ್ರೀವಾಜ್ಞೆ ತಂದು, ಆಮೇಲೆ ಮಸೂದೆ ತಂದು, ಅದೇ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು ಕಿತ್ತು ಹಾಕಿತು. ಕೃಷಿಕರಲ್ಲದವರು, ದೊಡ್ಡ ಆದಾಯ ಇರುವವರು ಕೃಷಿ ಭೂಮಿ ಕೊಳ್ಳೋದಕ್ಕೆ ಇದ್ದ ತಡೆ ಹೋಯ್ತು. ವಿಧಾನ ಪರಿಷತ್ತಿನಲ್ಲಿ ಡಿಸೆಂಬರಿನಲ್ಲಿ ಅದು ಪಾಸಾಗಿದ್ದು ರೈತರ ಪಕ್ಷ ಅಂತ ಕರೆದುಕೊಳ್ಳುವ ಜೆಡಿಎಸ್ ಬೆಂಬಲದಿಂದ. ಈ ತಿದ್ದುಪಡಿ ಸರಿಯೋ ತಪ್ಪೋ ಅಂತ ವಾದ ಮಾಡಬಹುದು. ಆದರೆ ನಿಮ್ಮ ಊರಿನ ಯಾವ ರೈತ ತನ್ನ ಶಾಸಕರ ಹತ್ತಿರ ಹೋಗಿ ಇದನ್ನು ಬೇಡಿದ್ದ? ಬೇಡಿದವರು ಯಾರು? ಅವರು ಯಾವ ಪಕ್ಷಕ್ಕೆ ಎಷ್ಟು ಕೊಟ್ಟಿದ್ದರು? ನನ್ನ ಶೀಟಿನ ಎರಡು ಕಾಲಂ ಪಕ್ಕಪಕ್ಕ ಬೇಕು ಅನ್ನೋದು ಇದಕ್ಕೇ.

ನಮ್ಮ ಸೀಮೆಗೆ ಇದು ಪುಸ್ತಕದ ಮಾತಲ್ಲ. ಪಕ್ಕದ ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತ ಐದು ಊರುಗಳಲ್ಲಿ ಸುಮಾರು 13,000 ಎಕರೆ ಮೇಲೆ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ. ಮಳೆ ನಂಬಿ ಕಡ್ಲೆಕಾಯಿ ಹಾಕುತ್ತಿದ್ದ ಜಮೀನುದಾರನಿಗೆ ಅದು ಖಾತ್ರಿ ದುಡ್ಡು. ಅದೇ ಹೊಲದಲ್ಲಿ ಕಳೆ ತೆಗೆಯುತ್ತಿದ್ದ, ಕುರಿ ಮೇಯಿಸುತ್ತಿದ್ದ ಭೂಮಿ ಇಲ್ಲದವನಿಗೆ ಗುತ್ತಿಗೆ ಪತ್ರದಲ್ಲಿ ಹೆಸರೇ ಇಲ್ಲ. ಅವನ ಪ್ರಶ್ನೆಯನ್ನು ಸದನದಲ್ಲಿ ಪ್ರತಿ ಅಧಿವೇಶನಕ್ಕೂ ಎತ್ತಬೇಕಾದ ಶಾಸಕ ಯಾರ ದುಡ್ಡಲ್ಲಿ ಗೆದ್ದಿರಬೇಕು, ನೀವೇ ಯೋಚನೆ ಮಾಡಿ.

ಅಮ್ಮನ ಲೆಕ್ಕ

ಹೋದ ಸಲ ಊರಿಗೆ ಹೋದಾಗ ಅಮ್ಮನಿಗೆ ಗೋಪಾಲಗೌಡರ ಕತೆ ಹೇಳಿದೆ. ಕಡ್ಲೆಕಾಯಿ ಬಿಡಿಸುತ್ತಾ ಕೇಳಿಸಿಕೊಂಡಳು. ಆ ಒಂದು ರೂಪಾಯಿ ಆಗಿನ ಎಷ್ಟು ದಿನದ ಕೂಲಿ ಅಂತ ಕೇಳಿದಳು. ಒಂದು ದಿನದ್ದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಈಗ ನಮ್ಮ ಹೊಲಕ್ಕೆ ಬರೋ ಆಳಿಗೂ ಒಂದು ದಿನಕ್ಕೆ ಹತ್ತಿರ ಹತ್ತಿರ ಐನೂರೇ ಅಲ್ವಾ ಅಂದಳು.

ಇಂಜಿನಿಯರ್ ಆದ ನನಗೆ ಹೊಳೆಯದ ಲೆಕ್ಕ ಅದು. 1952ರಲ್ಲಿ ಮತದಾರ ಒಂದು ದಿನದ ಕೂಲಿಯನ್ನು ಅಭ್ಯರ್ಥಿಗೆ ಕೊಟ್ಟಿದ್ದ. 2023ರಲ್ಲಿ ಅಭ್ಯರ್ಥಿ ಒಂದು ದಿನದ ಕೂಲಿಯನ್ನು ಮತದಾರನಿಗೆ ಕೊಟ್ಟ. ಮೊತ್ತ ಅದೇ, ದಿಕ್ಕು ಬದಲಾಗಿದೆ. ಕೊಟ್ಟವನಿಗೆ ಕೇಳುವ ಹಕ್ಕು, ತಗೊಂಡವನಿಗೆ ಸುಮ್ಮನಿರುವ ಕರ್ಮ.

ಮುಂದಿನ ಚುನಾವಣೆ ದೂರ ಇಲ್ಲ. ನೋಟು ತಗೋಬೇಡಿ ಅಂತ ಅಮ್ಮನಂಥವರಿಗೆ ಉಪದೇಶ ಮಾಡೋದನ್ನು ನಾನು ಬಿಟ್ಟಿದ್ದೇನೆ. ಬೀದಿಯಲ್ಲಿ ಬದುಕಬೇಕಾದವರು ಅವರು. ಬದಲಿಗೆ ನಮ್ಮ ವಯಸ್ಸಿನವರು ಮಾಡಬಹುದಾದ ಎರಡು ಕೆಲಸ ಇದೆ. ನಿಮ್ಮ ಕ್ಷೇತ್ರದಲ್ಲಿ ಲೆಕ್ಕ ತೋರಿಸಿ ಚಂದಾ ಎತ್ತುವ ಅಭ್ಯರ್ಥಿ ಒಬ್ಬರಿದ್ದರೂ, ಸೋಲ್ತಾರೆ ಅಂತ ಗೊತ್ತಿದ್ದರೂ, ಒಂದು ದಿನದ ಸಂಬಳ ಕೊಡಿ. ಇನ್ನೊಂದು, ಗೆದ್ದ ಶಾಸಕರಿಗೆ ಪತ್ರ ಬರೆದು, ಭೂಮಿಗೆ ಸಂಬಂಧಪಟ್ಟ ಮಸೂದೆ ಬಂದಾಗಲೆಲ್ಲ ಮತ ವಿಭಜನೆ ಕೇಳಿ ಅಂತ ಒತ್ತಾಯ ಮಾಡಿ. ಹೌದು ಅಂದವರ ಹೆಸರು, ಇಲ್ಲ ಅಂದವರ ಹೆಸರು ನಡಾವಳಿಯಲ್ಲಿ ಅಚ್ಚಾಗಲಿ.

ನಾನು ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಶೀಟ್ ತೆರೆದೇ ಇಟ್ಟಿದ್ದೇನೆ.